ಮಿದುಳಿನ ಕಾಂತೀಯ ಅನುರಣನ ರೋಹಿತದರ್ಶನ: ಇತಿಹಾಸ

ತಲೆಬುರುಡೆಯನ್ನು ತೆರೆಯದೆ, ವಿಕಿರಣಶೀಲ ವಸ್ತುವನ್ನು ದೇಹಕ್ಕೆ ಸೇರಿಸದೆ ಜೀವಂತ ಮಿದುಳಿನ ರಾಸಾಯನಿಕಗಳನ್ನು ಗುರುತಿಸಿ ಅಳೆಯುವ ವಿಧಾನ. ಎಂಆರ್‌ಐ ಯಂತ್ರದಲ್ಲೇ ಇದನ್ನು ನಡೆಸಬಹುದು. ಎಂಆರ್‌ಐ ಮಿದುಳಿನ ರಚನೆಯನ್ನು ಚಿತ್ರಿಸಿದರೆ, ಈ ವಿಧಾನವು ಆಯ್ದ ಭಾಗದಲ್ಲಿರುವ ಅಣುಗಳ ರೋಹಿತವನ್ನು ಕೊಡುತ್ತದೆ.

ಭೌತವಿಜ್ಞಾನದ ಹಿನ್ನೆಲೆ

ಕಾಂತಕ್ಷೇತ್ರದಲ್ಲಿಟ್ಟ ವಸ್ತುವಿನ ಪರಮಾಣು ಬೀಜಗಳು ನಿರ್ದಿಷ್ಟ ಆವರ್ತಾಂಕದ ರೇಡಿಯೊ ತರಂಗಗಳಿಗೆ ಅನುರಣಿಸುವುದನ್ನು ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ಪ್ರತ್ಯೇಕವಾಗಿ ಕಂಡುಹಿಡಿದು 1946ರಲ್ಲಿ ಪ್ರಕಟಿಸಿದವು. ಇದಕ್ಕಾಗಿ ಇಬ್ಬರಿಗೂ 1952ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಒಂದೇ ಧಾತುವಿನ ಬೀಜವಾದರೂ ಅದರ ಆವರ್ತಾಂಕ ಅದಿರುವ ಅಣುವಿನ ರಚನೆಗೆ ತಕ್ಕಂತೆ ತುಸು ಸರಿಯುತ್ತದೆ. ‘ರಾಸಾಯನಿಕ ಪಲ್ಲಟ’ ಎನ್ನುವ ಈ ಗುಣವೇ ರೋಹಿತದರ್ಶನದ ಆಧಾರ. 1951ರಲ್ಲಿ ಆರ್ನಾಲ್ಡ್, ಧರ್ಮಟ್ಟಿ ಮತ್ತು ಪ್ಯಾಕರ್ಡ್ ಈಥೈಲ್ ಆಲ್ಕೊಹಾಲಿನ ಜಲಜನಕ ಬೀಜಗಳು ಮೂರು ಬೇರೆ ಬೇರೆ ಸಂಕೇತಗಳನ್ನು ಕೊಡುವುದನ್ನು ತೋರಿಸಿದರು. ಇವರಲ್ಲಿ ಎಸ್. ಎಸ್. ಧರ್ಮಟ್ಟಿ ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ಕ್ಷೇತ್ರವನ್ನು ಬೆಳೆಸಿದರು. 1966ರಲ್ಲಿ ರಿಚರ್ಡ್ ಅರ್ನ್‌ಸ್ಟ್ ಮತ್ತು ವೆಸ್ಟನ್ ಆಂಡರ್ಸನ್ ಫೂರಿಯೇ ಪರಿವರ್ತನೆಯನ್ನು ಅಳವಡಿಸಿದ್ದರಿಂದ ಬಹಳ ದುರ್ಬಲ ಸಂಕೇತಗಳನ್ನೂ ಅಳೆಯುವುದು ಸಾಧ್ಯವಾಯಿತು.

ರಂಜಕದ ಅಧ್ಯಯನಗಳು

ಜೀವಿಗಳ ಮೇಲಿನ ಮೊದಲ ಅಧ್ಯಯನಗಳು ರಂಜಕವನ್ನು ಅವಲಂಬಿಸಿದವು. ಜೀವಕೋಶದ ಶಕ್ತಿಯ ವ್ಯವಹಾರ ನಡೆಯುವುದು ಎಟಿಪಿ, ಫಾಸ್ಫೊಕ್ರಿಯಾಟಿನ್‌ಗಳಂಥ ರಂಜಕಯುಕ್ತ ಅಣುಗಳ ಮೂಲಕ. 1974ರಲ್ಲಿ ಆಕ್ಸ್‌ಫರ್ಡ್‌ನ ವಿಜ್ಞಾನಿಗಳು ಇಲಿಯ ಸ್ನಾಯುವಿನಲ್ಲಿ ಇವುಗಳನ್ನು ಗುರುತಿಸಿದರು. 1980ರಲ್ಲಿ ಅಲ್ಲಿಯೇ, ಚರ್ಮದ ಮೇಲೆ ಇರಿಸುವ ಸುರುಳಿಯಿಂದ ಜೀವಂತ ಇಲಿಯ ಮಿದುಳಿನ ರೋಹಿತ ಪಡೆಯಲಾಯಿತು.

1980ರ ದಶಕದ ಆರಂಭದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡವು ನವಜಾತ ಶಿಶುಗಳನ್ನು ಪರೀಕ್ಷಿಸಿತು. ಹೆರಿಗೆಯ ವೇಳೆ ಉಸಿರುಗಟ್ಟಿದ ಶಿಶುಗಳ ಮಿದುಳಿನಲ್ಲಿ ಮೊದಲ ದಿನ ಶಕ್ತಿಯ ಅಣುಗಳು ಬಹುಮಟ್ಟಿಗೆ ಸಹಜವಾಗಿದ್ದು, ನಂತರದ ದಿನಗಳಲ್ಲಿ ಕುಸಿಯುತ್ತಿದ್ದವು. ಹಾನಿ ಒಮ್ಮೆಗೇ ಮುಗಿಯುವುದಿಲ್ಲ, ನಡುವೆ ಚಿಕಿತ್ಸೆಗೆ ಕೆಲವು ಗಂಟೆಗಳ ಅವಕಾಶವಿದೆ ಎಂಬ ಈ ಅರಿವು, ಶಿಶುವಿನ ದೇಹವನ್ನು ತಂಪಾಗಿಸುವ ಚಿಕಿತ್ಸೆಯ ಸಂಶೋಧನೆಗೆ ಆಧಾರವಾಯಿತು.

ಜಲಜನಕದ ರೋಹಿತ

ಜಲಜನಕದ ಸಂಕೇತ ರಂಜಕದ್ದಕ್ಕಿಂತ ಪ್ರಬಲ. ಆದರೆ ಮಿದುಳಿನ ನೀರಿನ ಸಂಕೇತ ಉಳಿದ ಅಣುಗಳ ಸಂಕೇತಕ್ಕಿಂತ ಸಾವಿರಾರು ಪಟ್ಟು ದೊಡ್ಡದಾಗಿ ಅವನ್ನು ಮುಚ್ಚಿಬಿಡುತ್ತದೆ. ನೀರಿನ ಸಂಕೇತವನ್ನು ಅಡಗಿಸುವ ತಂತ್ರಗಳ ಜೊತೆಗೆ, ಆಯ್ದ ಘನಾಕಾರದ ಭಾಗದಿಂದ ಮಾತ್ರ ಸಂಕೇತ ಪಡೆಯುವ ‘ಸ್ಟೀಮ್’ ಮತ್ತು ‘ಪ್ರೆಸ್’ ವಿಧಾನಗಳು 1980ರ ದಶಕದಲ್ಲಿ ರೂಪುಗೊಂಡವು. ಮಿದುಳಿನ ರೋಹಿತದಲ್ಲಿ ಎದ್ದು ಕಾಣುವ ಶಿಖರ ಎನ್-ಅಸಿಟೈಲ್ ಆಸ್ಪಾರ್ಟೇಟ್‌ನದು. ಮುಖ್ಯವಾಗಿ ನರಕೋಶಗಳಲ್ಲಿರುವ ಇದು ಕಡಿಮೆಯಾದರೆ ಅವು ನಾಶವಾಗಿರುವ ಅಥವಾ ಸೊರಗಿರುವ ಸೂಚನೆ. ಕ್ರಿಯಾಟಿನ್, ಕೋಲಿನ್, ಮಯೋ-ಇನೊಸಿಟಾಲ್‌ಗಳ ಶಿಖರಗಳೂ ಕಾಣುತ್ತವೆ. ಆಮ್ಲಜನಕ ಸಾಲದಾದಾಗ ಲ್ಯಾಕ್ಟೇಟ್ ಹೆಚ್ಚುತ್ತದೆ. ಇತರ ಸಂಕೇತಗಳಡಿ ಮರೆಯಾಗುವ ನರವಾಹಕ ಗ್ಯಾಬಾವನ್ನು ಬೇರ್ಪಡಿಸಿ ಅಳೆಯುವ ಕ್ರಮವನ್ನು ಯೇಲ್ ವಿಶ್ವವಿದ್ಯಾಲಯದ ತಂಡ 1993ರಲ್ಲಿ ಮನುಷ್ಯರಲ್ಲಿ ತೋರಿಸಿತು.

ವೈದ್ಯಕೀಯ ಬಳಕೆ ಮತ್ತು ಮಿತಿಗಳು

1994ರಲ್ಲಿ ಜರ್ಮನಿಯ ವೈದ್ಯರು ಮಗುವೊಂದರ ರೋಹಿತದಲ್ಲಿ ಕ್ರಿಯಾಟಿನ್ ಇಲ್ಲದಿರುವುದನ್ನು ಕಂಡು, ಹೊಸದೊಂದು ಆನುವಂಶಿಕ ಕಾಯಿಲೆಯನ್ನು ವರದಿ ಮಾಡಿದರು. ಕ್ರಿಯಾಟಿನ್ ಕುಡಿಸಿದಾಗ ಮಗುವಿನ ಸ್ಥಿತಿ ಸುಧಾರಿಸಿತು. ಕ್ಯಾನವಾನ್ ಕಾಯಿಲೆಯಲ್ಲಿ ಎನ್-ಅಸಿಟೈಲ್ ಆಸ್ಪಾರ್ಟೇಟ್ ವಿಪರೀತ ಹೆಚ್ಚುತ್ತದೆ. ಭಾರತದಲ್ಲಿ ಸಾಮಾನ್ಯವಾದ ಮಿದುಳಿನ ಕ್ಷಯದ ಗಂಟುಗಳನ್ನು ಗುರುತಿಸಲು ಲಿಪಿಡ್ ಶಿಖರ ನೆರವಾಗುತ್ತದೆ. ಐಡಿಎಚ್ ಜೀನ್ ವ್ಯತ್ಯಯವಿರುವ ಗೆಡ್ಡೆಗಳಲ್ಲಿ ಸೇರಿಕೊಳ್ಳುವ 2-ಹೈಡ್ರಾಕ್ಸಿಗ್ಲುಟರೇಟನ್ನು ರೋಗಿಗಳಲ್ಲಿ ಪತ್ತೆಹಚ್ಚಬಹುದೆಂದು 2012ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು.

ವಿಧಾನದ ಮುಖ್ಯ ಮಿತಿ ಸಂಕೇತದ ದೌರ್ಬಲ್ಯ. ಅಳೆಯುವ ಭಾಗ ಸಾಮಾನ್ಯವಾಗಿ ಕೆಲವು ಘನ ಸೆಂಟಿಮೀಟರ್‌ಗಳಷ್ಟಿರಬೇಕು, ಅಳತೆಗೆ ಹಲವು ನಿಮಿಷ ಬೇಕು, ಅತ್ಯಲ್ಪ ಪ್ರಮಾಣದ ಅಣುಗಳು ಕಾಣುವುದಿಲ್ಲ. 7 ಟೆಸ್ಲಾದಂಥ ಪ್ರಬಲ ಕಾಂತಕ್ಷೇತ್ರದಲ್ಲಿ ಶಿಖರಗಳು ಹೆಚ್ಚು ಸ್ಪಷ್ಟವಾಗಿ ಬೇರ್ಪಡುವುದರಿಂದ ಗ್ಲುಟಮೇಟ್ ಮತ್ತು ಗ್ಲುಟಮಿನ್‌ಗಳನ್ನು ಪ್ರತ್ಯೇಕವಾಗಿ ಅಳೆಯುವುದು ಸುಲಭವಾಗಿದೆ.