ಗಾಳಿಗೆ ಎದೆಯೊಡ್ಡಿದವರು

ಬ್ಯಾಟರಿ ಕಾರು ಇತ್ತೀಚಿನದೆಂದು ನೀವು ಭಾವಿಸಿದ್ದರೆ, ಬನ್ನಿ, ಪ್ಯಾರಿಸ್ ಬಳಿಯ ಅಶೇರ್‌ಗೆ ಹೋಗೋಣ. 1898ರ ಡಿಸೆಂಬರ್ 18ರಂದು ಫ್ರಾನ್ಸಿನ ಶಾಸ್ಲೂ-ಲೋಬಾ ಅಲ್ಲಿ ಬ್ಯಾಟರಿ ಕಾರಿನಲ್ಲಿ ಒಂದು ಕಿಲೋಮೀಟರನ್ನು 57 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದೇ ಮೊದಲ ವೇಗ ದಾಖಲೆ. ಬೆಲ್ಜಿಯಂನ ಜೆನಾಟ್ಜಿ ಸುಮ್ಮನಿರಲಿಲ್ಲ. ಪೈಪೋಟಿಯಲ್ಲಿ ದಾಖಲೆ ಇವರಿಂದ ಅವರಿಗೆ, ಅವರಿಂದ ಇವರಿಗೆ ಹೋಯಿತು. 1899ರ ಏಪ್ರಿಲ್ 29ರಂದು ಜೆನಾಟ್ಜಿ ಗಂಟೆಗೆ 105.88 ಕಿ.ಮೀ. ಮುಟ್ಟಿದರು. ಅದೂ ಬ್ಯಾಟರಿ ಕಾರೇ. ಹೆಸರು ‘ಲಾ ಜಮೇ ಕೋಂತಾಂತ್’, ಅಂದರೆ ‘ಎಂದೂ ತೃಪ್ತಳಾಗದವಳು’.

ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದಕ್ಕೆಂದೇ ಕಾರಿನ ಒಡಲಿಗೆ ಟಾರ್ಪೆಡೊ ಆಕಾರ. ಚಾಲಕರು ಮಾತ್ರ ಅದರ ಮೇಲೆ ಎದೆಯೊಡ್ಡಿ ಕುಳಿತಿದ್ದರು! 1997ರಲ್ಲಿ ಜೆಟ್ ಕಾರೊಂದು ಶಬ್ದದ ವೇಗವನ್ನೂ ಮೀರಿತು. ಅದರ ಚಾಲಕರು ಒಳಗೆ ಮರೆಯಾಗಿದ್ದರು. ನನಗೇಕೋ ಮುಖಕ್ಕೆ ಗಾಳಿ ಬಡಿಸಿಕೊಂಡ ಜೆನಾಟ್ಜಿಯೇ ಹತ್ತಿರದವರೆನಿಸುತ್ತಾರೆ.