ಚಳಿಗಾಲದ ಕಪ್ಪು ಸ್ಟ್ರಾಂಗ್ ಬಿಯರ್: ಅಲ್ಲಿ ಮನೆಯ ಹವ್ಯಾಸ, ಇಲ್ಲಿ ಅಬಕಾರಿ ಕೇಸು

ಇಂಗ್ಲೆಂಡಿನಲ್ಲಿ ಮನೆಬಳಕೆಯ ಬಿಯರ್ ತಯಾರಿಸಲು 1963ರಿಂದ ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ ಸುಮಾರು 757 ಲೀಟರ್ ಮಾಡಿಕೊಳ್ಳಬಹುದು. ಅಲ್ಲಿರುವ ಮಕ್ಕಳು ವಿಡಿಯೋ ಕಾಲ್‌ನಲ್ಲಿ ತೋರಿಸಿದ್ದನ್ನು ನವಲಗುಂದದಲ್ಲೋ ಕುಂದಗೋಳದಲ್ಲೋ ಮಾಡಲು ಹೊರಟರೆ ಕಥೆ ಬೇರೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 13ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ‘ಮಾರಾಕಲ್ಲರೀ, ಮನಿಗೆ ಅಷ್ಟ’ ಅಂದ್ರೂ ನಡೆಯಂಗಿಲ್ಲ.

ಅಂಗಡಿಕಾರರೂ ಗಮನಿಸಬೇಕು. ಬೆಲ್ಲ, ಬಾರ್ಲಿ, ಬೇಕರಿ ಈಸ್ಟ್ ಮಾಮೂಲಿ ಕಿರಾಣಿ ವ್ಯಾಪಾರ. ಆದರೆ ಮದ್ಯ ಮಾಡಲಿಕ್ಕೇ ಅಂತ ಪಾತ್ರೆ, ಸಾಮಾನು ಇಟ್ಟುಕೊಳ್ಳುವುದೂ ಅದೇ ಕಲಮಿನಡಿ ಬರುತ್ತದೆ.

ಇನ್ನು ಈ ಬಿಯರ್ ಏನು ಅಂತ ನೋಡೋಣ. ಲಂಡನ್ನಿನಿಂದ ರಷ್ಯಾದ ಅರಮನೆಗೆ ಹೋಗುತ್ತಿದ್ದ ದಪ್ಪ ಕಪ್ಪು ಬಿಯರಿಗೆ ‘ಇಂಪೀರಿಯಲ್ ಸ್ಟೌಟ್’ ಅನ್ನುವ ಹೆಸರು ಬಂತು. ಕಪ್ಪು ಅಂದ್ರೆ ಸ್ಟ್ರಾಂಗ್ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಬಣ್ಣ ಬರುವುದು ಹುರಿದ ಕಾಳಿನಿಂದ, ಮತ್ತು ಬರುವುದು ಸಕ್ಕರೆ ಅಂಶದಿಂದ. ಐರ್ಲೆಂಡಿನ ಹೆಸರಾಂತ ಕಪ್ಪು ಬಿಯರ್ ಗಿನ್ನಿಸ್ ಡ್ರಾಟ್‌ನಲ್ಲಿ ಆಲ್ಕೋಹಾಲ್ ಶೇ 4.2 ಅಷ್ಟೆ.

ಅದಕ್ಕೇ ಹವ್ಯಾಸಿಗಳು ಮೊದಲು ಎಷ್ಟು ಮತ್ತು ಬೇಕು ಅಂತ ಗೊತ್ತುಮಾಡಿಕೊಂಡು ಆಮೇಲೆ ಕಾಳು ತೂಗುತ್ತಾರೆ. 20 ಲೀಟರಿಗೆ ಸುಮಾರು 7 ಕೆಜಿ ಬಾರ್ಲಿ ಮಾಲ್ಟ್. ಮಾಲ್ಟ್ ಅಂದ್ರೆ ಬೇರೇನಲ್ಲ, ಕೂಸಿಗೆ ರಾಗಿ ಮಾಲ್ಟ್ ಮಾಡಿದಂಗೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಮೈ ತುಂಬಿಸಲು 400 ಗ್ರಾಂ ಕ್ಯಾರಮೆಲ್ ಮಾಲ್ಟ್. ಬಣ್ಣಕ್ಕೆ ಕಪ್ಪಾಗಿ ಹುರಿದ ಬಾರ್ಲಿ ಮತ್ತು ಚಾಕೊಲೇಟ್ ಮಾಲ್ಟ್ ಸೇರಿ 850 ಗ್ರಾಂ. ಇದು ತೀರಾ ಜಾಸ್ತಿಯಾದರೆ ಸುಟ್ಟ ಕಹಿ ಹೊಡೆಯುತ್ತದೆ. ಅರ್ಧ ಕೆಜಿ ಬೆಲ್ಲ ಹಾಕುವವರೂ ಇದ್ದಾರೆ. ಬೆಲ್ಲ ಬಹುಪಾಲು ಆಲ್ಕೋಹಾಲೇ ಆಗಿಬಿಡುವುದರಿಂದ ಜಾಸ್ತಿಯಾದರೆ ಬಿಯರ್ ತೆಳುವಾಗುತ್ತದೆ.

ನುಚ್ಚನ್ನು 67 ಡಿಗ್ರಿ ನೀರಿನಲ್ಲಿ ಒಂದು ತಾಸು ಇಟ್ಟು, ಸೋಸಿ, ಹಾಪ್ಸ್ ಹೂ ಹಾಕಿ ಕುದಿಸಿ, ಆರಿಸಿ ಈಸ್ಟ್ ಬೆರೆಸುತ್ತಾರೆ. ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟಂಗೆ ಇಲ್ಲಿ ಹೈಡ್ರೋಮೀಟರ್. ಶುರುವಿನಲ್ಲಿ 1.090, ಹುದುಗು ನಿಂತಾಗ 1.022 ತೋರಿಸಿದರೆ, ವ್ಯತ್ಯಾಸವನ್ನು 131ರಿಂದ ಗುಣಿಸಿ: ಶೇ 8.9. ನಮ್ಮ ದೇಶದ ಆಹಾರ ನಿಯಮದಲ್ಲಿ ಸ್ಟ್ರಾಂಗ್ ಬಿಯರಿಗೆ ಶೇ 8 ಮಿತಿ; ಇದು ಅದನ್ನೂ ದಾಟಿತು.

ಹುದುಗು ಬರುವಾಗ 18ರಿಂದ 20 ಡಿಗ್ರಿ ಕಾಯಬೇಕು. ನಮ್ಮ ಕಡೆ ಚಳಿ ರಾತ್ರಿಗಷ್ಟೇ, ಮಧ್ಯಾಹ್ನಕ್ಕೆ ಮತ್ತೆ ಬಿಸಿಲು. ಹುದುಗು ಪೂರ್ತಿ ನಿಲ್ಲದೆ ಬಾಟ್ಲಿಗೆ ತುಂಬಿದರೆ ಗ್ಯಾಸ್ ಒತ್ತಿ ಗಾಜು ಸಿಡಿಯುತ್ತದೆ. ರುಚಿ ಕೂಡಲು ಎರಡು-ಮೂರು ತಿಂಗಳು ಬೇಕು, ಹಿಂಗಾಗಿ ಡಿಸೆಂಬರಿನ ಬಿಯರಿಗೆ ಶ್ರಾವಣದಲ್ಲೇ ಒಲೆ ಹಚ್ಚುತ್ತಾರೆ. ಕುಡಿದರೆ ಬೆಚ್ಚಗಾಗುತ್ತದೆ ಅನ್ನುವುದು ಮಾತ್ರ ಭ್ರಮೆ: ಚರ್ಮದ ರಕ್ತನಾಳ ಹಿಗ್ಗಿ, ಒಳಗಿನ ಕಾವೇ ಹೊರಗೆ ಹೋಗುತ್ತದೆ.

ಬಾರ್ಲಿ ನಮ್ಮ ಎರಿ ಹೊಲದ ಬೆಳೆ ಅಲ್ಲ, ಜೋಳ ನಮ್ಮದು. ಜೋಳದಿಂದಲೂ ಬಿಯರ್ ಆಗುತ್ತದೆ. 1988ರಲ್ಲಿ ನೈಜೀರಿಯಾ ಬಾರ್ಲಿ ಮಾಲ್ಟ್ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೇ ಜೋಳಕ್ಕೆ, ಗೋವಿನಜೋಳಕ್ಕೆ ತಿರುಗಿದವು. ಆದರೆ ಜೋಳದ ಪಿಷ್ಟ ಬಾರ್ಲಿಗಿಂತ ಹೆಚ್ಚು ಬಿಸಿಗೇ ಬೇಯುವುದು, ಮೊಳಕೆಯ ಕಿಣ್ವಕ್ಕೂ ಕಸುವು ಕಮ್ಮಿ. ಮೇಲಾಗಿ ಎಳೆ ಜೋಳ ಮೇಯ್ದ ದನ ಕುಸಿದು ಬೀಳುವುದು ರೈತರಿಗೆ ಗೊತ್ತಿದ್ದದ್ದೇ. ಸಯನೈಡ್ ಬಿಡುವ ಆ ಅಂಶ ಮೊಳಕೆಯ ಸುಳಿ, ಬೇರಿನಲ್ಲೂ ಇರುತ್ತದೆ. ಮಾಲ್ಟ್ ಮಾಡುವವರು ಒಣಗಿಸಿ, ತಿಕ್ಕಿ ಅದನ್ನು ಉದುರಿಸಲೇಬೇಕು. ಬಿಯರಿಗಲ್ಲದೆ ಮನೆಯಲ್ಲಿ ಜೋಳದ ಮಾಲ್ಟ್ ಹಿಟ್ಟು ಮಾಡುವವರಿಗೂ ಇದು ಅನ್ವಯಿಸುತ್ತದೆ.