ಕಚೇರಿಯ ಲಿನಕ್ಸ್ ಯಂತ್ರಗಳಿಗೆ ನಿರ್ವಾಹಕರು: ತರಬೇತಿ ಬೆಳೆದ ಬಗೆ

ಕಚೇರಿಯೊಂದರ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಮಾಡುವ ಕೆಲಸ ಪಟ್ಟಿ ಮಾಡಿದರೆ ಚಿಕ್ಕದು: ಬಳಕೆದಾರರ ಖಾತೆ ತೆರೆಯುವುದು, ಯಾವ ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ಗೊತ್ತುಮಾಡುವುದು, ಪ್ರಿಂಟರ್ ಮತ್ತು ನೆಟ್‌ವರ್ಕ್ ಓಡುವಂತೆ ನೋಡಿಕೊಳ್ಳುವುದು, ಅಪ್‌ಡೇಟ್ ಹಾಕುವುದು, ಬ್ಯಾಕಪ್ ತೆಗೆಯುವುದು. ಎಲ್ಲ ಸರಿಯಿದ್ದಾಗ ಯಾರ ಕಣ್ಣಿಗೂ ಬೀಳದ ಕೆಲಸವಿದು. ಇದಕ್ಕೆ ಜನರನ್ನು ಅಣಿಗೊಳಿಸುವ ತರಬೇತಿ ಕರ್ನಾಟಕದಲ್ಲಿ ಎರಡು ಕವಲಾಗಿ ಬೆಳೆದಿದೆ. ಬೆಂಗಳೂರಿನ ಸರ್ವರ್ ಕೋಣೆಗಳಿಗೆ ನೌಕರರನ್ನು ಒದಗಿಸುವ ಕವಲು ಹುಲುಸಾಗಿದೆ. ಶಾಲೆ, ಹೋಬಳಿ ಕಚೇರಿಗಳ ಮೇಜಿನ ಮೇಲಿನ ಯಂತ್ರಗಳಿಗೆ ಆಸರೆಯಾಗಬೇಕಾದ ಕವಲು ಬಡಕಲಾಗಿಯೇ ಉಳಿದಿದೆ.

ಲಿನಕ್ಸ್ ಹುಟ್ಟುವ ಮೊದಲೇ ಅದರ ಪೂರ್ವಜ ಯೂನಿಕ್ಸ್ ಇಲ್ಲಿನ ಕಚೇರಿಗಳಿಗೆ ಬಂದಿತ್ತು. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಬ್ಯಾಂಕುಗಳ ಗಣಕೀಕರಣ ಶುರುವಾದಾಗ ಅನೇಕ ಶಾಖೆಗಳ ಯಂತ್ರಗಳಲ್ಲಿ ಯೂನಿಕ್ಸ್, ಜೆನಿಕ್ಸ್‌ಗಳಿದ್ದವು. ದಿನದ ವಹಿವಾಟು ಮುಗಿದ ಮೇಲೆ ಟೇಪಿಗೆ ನಕಲು ತೆಗೆಯುವುದನ್ನು, ಯಂತ್ರವನ್ನು ಕ್ರಮವಾಗಿ ಆರಿಸುವುದನ್ನು ಬ್ಯಾಂಕಿನ ನೌಕರರಿಗೇ ಹೇಳಿಕೊಡಲಾಗುತ್ತಿತ್ತು. ಸಂಶೋಧನಾ ವಲಯದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರನಾಗಿದ್ದ ಅರ್ನೆಟ್ ಜಾಲ ಮತ್ತೊಂದು ಪಾಠಶಾಲೆಯಾಯಿತು. ಆದರೆ ಯೂನಿಕ್ಸ್ ದುಬಾರಿ. ಮನೆಯಲ್ಲಿ ಕೂತು ಅಭ್ಯಾಸ ಮಾಡುವಂತಿರಲಿಲ್ಲ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ಕರ್ನೆಲ್ ಈ ಅಡ್ಡಿಯನ್ನು ತೆಗೆಯಿತು. ಇಂಟರ್ನೆಟ್ ನಿಧಾನವಾಗಿದ್ದ ಆ ಕಾಲದಲ್ಲಿ ಅದನ್ನು ಭಾರತದ ಓದುಗರಿಗೆ ತಲುಪಿಸಿದ್ದು ಪಿಸಿ ಕ್ವೆಸ್ಟ್ ಪತ್ರಿಕೆ 1996ರಿಂದ ಹಂಚತೊಡಗಿದ ಸಿ.ಡಿ.ಗಳು. ಆ ಪ್ರಯತ್ನದ ಹಿಂದಿದ್ದ ಬೆಂಗಳೂರಿನ ಅತುಲ್ ಚಿಟ್ಣಿಸ್, 2001ರಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' ಸಮ್ಮೇಳನದ ಮುಂದಾಳುಗಳಲ್ಲೂ ಒಬ್ಬರು. 2005ರಲ್ಲಿ 'ಫಾಸ್ ಡಾಟ್ ಇನ್' ಎಂಬ ಹೊಸ ಹೆಸರು ಪಡೆದ ಈ ಸಮ್ಮೇಳನ 2012ರವರೆಗೆ ನಡೆಯಿತು. ಬಳಕೆದಾರರ ಬಳಗಗಳಲ್ಲಿ ಹಳಬರು ಹೊಸಬರ ಯಂತ್ರಕ್ಕೆ ಲಿನಕ್ಸ್ ಹಾಕಿಕೊಡುತ್ತಿದ್ದರು, ಹಾಕುತ್ತಲೇ ಕಲಿಸುತ್ತಿದ್ದರು. ಈ ವಿದ್ಯೆಗೆ ಆಗ ಪಠ್ಯಕ್ರಮವೂ ಇರಲಿಲ್ಲ, ಶುಲ್ಕವೂ ಇರಲಿಲ್ಲ.

ಶುಲ್ಕ ಬಂದದ್ದು ಪ್ರಮಾಣಪತ್ರದ ಜೊತೆಗೆ. ರೆಡ್ ಹ್ಯಾಟ್ ಕಂಪನಿ 1999ರಲ್ಲಿ ಆರಂಭಿಸಿದ ಆರ್‌ಎಚ್‌ಸಿಇ ಪರೀಕ್ಷೆ ಕೈಕೆಲಸದ್ದು: ಅಭ್ಯರ್ಥಿ ಯಂತ್ರದ ಮುಂದೆ ಕೂತು ಕೆಟ್ಟದ್ದನ್ನು ಸರಿಪಡಿಸಬೇಕು, ಕೇಳಿದ ಸೇವೆಯನ್ನು ಓಡಿಸಿ ತೋರಿಸಬೇಕು. ಬಾಯಿಪಾಠಕ್ಕೆ ಒಗ್ಗಿದ ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಆಘಾತ. ಬೆಂಗಳೂರಿನ ಖಾಸಗಿ ತರಬೇತಿ ಸಂಸ್ಥೆಗಳು ಇದನ್ನೇ ನೆಚ್ಚಿ ಬೆಳೆದವು. ಜಿಲ್ಲೆಗಳಿಂದ ಪದವಿ ಮುಗಿಸಿ ಬಂದವರು ಕೆಲವು ತಿಂಗಳ ಕೋರ್ಸ್ ಮಾಡಿ ಡೇಟಾ ಸೆಂಟರಿನ ರಾತ್ರಿ ಪಾಳಿಗೆ ಸೇರುವ ದಾರಿ ಹೀಗೆ ತೆರೆಯಿತು.

ಕಲಿಸುವ ವಿಷಯವೂ ತಂತ್ರಾಂಶದ ಜೊತೆ ಬದಲಾಗುತ್ತ ಬಂದಿದೆ. ಕರ್ನಾಟಕದ ಹಳ್ಳಿಗಾಡಿಗೆ ಮುಖ್ಯವಾದ ಬದಲಾವಣೆ ಫೈಲ್ ವ್ಯವಸ್ಥೆಯದು. ಹಳೆಯ 'ಇಎಕ್ಸ್‌ಟಿ 2' ವ್ಯವಸ್ಥೆಯಲ್ಲಿ ಬರೆಯುತ್ತಿರುವಾಗ ಕರೆಂಟು ಹೋದರೆ, ಮತ್ತೆ ಚಾಲೂ ಮಾಡಿದಾಗ ಯಂತ್ರ ಇಡೀ ಡಿಸ್ಕನ್ನು ತಪಾಸಣೆ ಮಾಡುತ್ತ ಕೂರುತ್ತಿತ್ತು. ದೋಷ ದೊಡ್ಡದಾದರೆ ನಿರ್ವಾಹಕನ ಪಾಸ್‌ವರ್ಡ್ ಕೇಳಿ ಕಪ್ಪು ಪರದೆಯ ಮೇಲೆ ನಿಂತುಬಿಡುತ್ತಿತ್ತು. 'ಎಫ್‌ಎಸ್‌ಸಿಕೆ' ಎಂಬ ಕಮಾಂಡನ್ನು ಕೈಯಾರೆ ಓಡಿಸಬೇಕೆಂದು ಗೊತ್ತಿಲ್ಲದ ಕಚೇರಿಯಲ್ಲಿ ಅಂದಿನ ಕೆಲಸ ಅಲ್ಲಿಗೇ ಮುಗಿಯಿತು. ತುಮಕೂರು ಜಿಲ್ಲೆಯ ಪಾವಗಡದಂಥ ತಾಲ್ಲೂಕುಗಳಲ್ಲಿ ಲೋಡ್‌ಶೆಡ್ಡಿಂಗ್ ದಿನನಿತ್ಯದ ಮಾತಾಗಿದ್ದ ಕಾಲವದು. ಮಾಡಲಿರುವ ಬದಲಾವಣೆಯನ್ನು ಮೊದಲೇ ದಾಖಲಿಸಿಕೊಳ್ಳುವ 'ಇಎಕ್ಸ್‌ಟಿ 3' 2001ರಲ್ಲಿ ಮುಖ್ಯ ಕರ್ನೆಲ್‌ಗೆ ಸೇರಿದ ಮೇಲೆ ಈ ತೊಂದರೆ ಬಹುಪಾಲು ತಗ್ಗಿತು. ಎಪಿಟಿ, ಯಮ್‌ನಂಥ ಸಾಧನಗಳು ತಂತ್ರಾಂಶ ಹಾಕುವ ಕಷ್ಟ ಕಳೆದವು. ವರ್ಚುಯಲ್ ಯಂತ್ರಗಳು ಬಂದಮೇಲೆ ಒಂದೇ ಲ್ಯಾಪ್‌ಟಾಪಿನಲ್ಲಿ ನಾಲ್ಕು ಕಂಪ್ಯೂಟರುಗಳ ಕಚೇರಿ ಕಟ್ಟಿ, ಕೆಡಿಸಿ, ಮತ್ತೆ ಕಟ್ಟುವುದು ಸಾಧ್ಯವಾಯಿತು. ಬ್ಯಾಕಪ್ ಪಾಠ ಮಾತ್ರ ಬದಲಾಗಿಲ್ಲ: ತೆಗೆದ ನಕಲನ್ನು ಮರಳಿ ಹಾಕಿ ನೋಡುವವರೆಗೆ ಅದು ಬ್ಯಾಕಪ್ ಎನಿಸದು. ತರಬೇತಿಗಳಲ್ಲಿ ಹೆಚ್ಚಾಗಿ ಹಾರಿಸಿಬಿಡುವ ಪಾಠವೂ ಇದೇ.

ಸರ್ಕಾರಿ ಕಚೇರಿಗಳ ಕಥೆ ಬೇರೆ. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ ತಾಲ್ಲೂಕು ಕಚೇರಿಗಳಲ್ಲಿ ಕಿಯಾಸ್ಕ್ ತೆರೆಯಿತು. ಅದು ವಿಂಡೋಸ್ ಮೇಲೆ ಓಡುತ್ತಿತ್ತು. ಗ್ರಾಮ ಲೆಕ್ಕಿಗರಿಗೆ ಕೊಟ್ಟ ತರಬೇತಿ ತಂತ್ರಾಂಶವನ್ನು ಬಳಸುವುದಕ್ಕೆ ಸಂಬಂಧಿಸಿದ್ದು. ಯಂತ್ರವನ್ನು ಸಾಕುವುದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಮತ್ತು ಗುತ್ತಿಗೆದಾರರ ಪಾಲಿಗೆ ಹೋಯಿತು. ಈ ವಿಂಗಡಣೆ ನಂತರದ ಯೋಜನೆಗಳಲ್ಲೂ ಉಳಿಯಿತು. ಲಿನಕ್ಸ್ ಹಿಂದುಳಿಯಲು ಕನ್ನಡ ಅಕ್ಷರಗಳೂ ಕಾರಣ. ಕಚೇರಿಯ ಪತ್ರಗಳೆಲ್ಲ ವಿಂಡೋಸ್‌ಗೆ ಮಾಡಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿದ್ದವು. ಅವನ್ನು ಲಿನಕ್ಸಿನಲ್ಲಿ ತೆರೆದರೆ ಅರ್ಥವಾಗದ ಗುರುತುಗಳು ಕಾಣುತ್ತಿದ್ದವು. 2012ರಲ್ಲಿ ಸರ್ಕಾರ ಯೂನಿಕೋಡ್ ಅನ್ನು ಶಿಷ್ಟತೆಯಾಗಿ ಒಪ್ಪಿತು. ಲಿನಕ್ಸಿನಲ್ಲೂ ನುಡಿಯ ಕೀಲಿಮಣೆ ವಿನ್ಯಾಸ ಸಿಗುವುದರಿಂದ ಬೆರಳಚ್ಚಿನ ಅಡ್ಡಿ ಈಗಿಲ್ಲ, ಹಳೆಯ ಕಡತಗಳ ಪರಿವರ್ತನೆಯ ತಲೆನೋವು ಇದೆ. ಇ-ಆಫೀಸ್‌ನಂಥ ವ್ಯವಸ್ಥೆಗಳು ಬ್ರೌಸರಿನಲ್ಲೇ ತೆರೆಯುತ್ತವೆ. ಆದರೆ ಡಿಜಿಟಲ್ ಸಹಿಯ ಡಾಂಗಲ್‌ಗೆ ಲಿನಕ್ಸ್ ಡ್ರೈವರ್ ಹುಡುಕಿ ಕೂರಿಸಲು ತಿಳಿದವರೇ ಬೇಕು.

ಕೇಂದ್ರದ ಕಡೆಯಿಂದ, ಸಿ-ಡ್ಯಾಕ್‌ನ ಚೆನ್ನೈ ಕೇಂದ್ರ ಡೆಬಿಯನ್ ಆಧಾರಿತ 'ಬಾಸ್' ಲಿನಕ್ಸನ್ನು 2007ರಲ್ಲಿ ಹೊರತಂದಿತು; ಅದರಲ್ಲಿ ಕನ್ನಡವೂ ಇದೆ. ಸರ್ಕಾರಿ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿ 2015ರಲ್ಲಿ ಬಂತು. ಇವೆರಡಕ್ಕಿಂತ ಕಲಿಯುವವನ ಕೈಗೆ ನೇರವಾಗಿ ಒದಗಿದ್ದು ಮುಂಬೈ ಐಐಟಿಯ 'ಸ್ಪೋಕನ್ ಟ್ಯುಟೋರಿಯಲ್' ಎನ್ನಬೇಕು. ಹತ್ತು ನಿಮಿಷದ ಆಸುಪಾಸಿನ ಈ ವಿಡಿಯೊ ಪಾಠಗಳಲ್ಲಿ ಪರದೆಯ ಮೇಲೆ ಕಂಡದ್ದನ್ನು ಕಲಿಯುವವನು ಪಕ್ಕದಲ್ಲೇ ಮಾಡುತ್ತ ಹೋಗುತ್ತಾನೆ. ಲಿನಕ್ಸ್ ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ.

ಶಾಲೆಗಳಲ್ಲಿ ಲಿನಕ್ಸ್ ತರಬೇತಿ ಕರ್ನಾಟಕಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಪ್ರೌಢಶಾಲಾ ಶಿಕ್ಷಕರ ಮೂಲಕ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ಜೊತೆಗೂಡಿ 2011ರ ಹೊತ್ತಿಗೆ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ, ಆಮೇಲೆ 2016-17ರಿಂದ ತಂತ್ರಜ್ಞಾನದ ನೆರವಿನ ಕಲಿಕೆಯ 'ಟಾಲ್ಪ್' ಯೋಜನೆಯಲ್ಲಿ, ಉಬುಂಟು ಮೇಲೆ ಶಿಕ್ಷಕರು ಕಲಿತರು. ಆದರೆ ಈ ತರಬೇತಿಗಳ ಗುರಿ ಪಾಠಕ್ಕೆ ಬೇಕಾದ ಸಾಮಗ್ರಿ ತಯಾರಿಕೆ. ಲ್ಯಾಬಿನ ನಿರ್ವಹಣೆ ಅವುಗಳ ಅಂಚಿನಲ್ಲಷ್ಟೇ ಇತ್ತು.

ನಿರ್ವಹಣೆಯನ್ನೇ ನಡುವಿಗೆ ತಂದ ಮಾದರಿ ಕಾಣುವುದು ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ. ಕೇರಳದ 'ಐಟಿ ಅಟ್ ಸ್ಕೂಲ್' ಯೋಜನೆ 2001ರಲ್ಲಿ ಹುಟ್ಟಿ, 2008ರ ಹೊತ್ತಿಗೆ ಹತ್ತನೇ ತರಗತಿಯ ಐಟಿ ಪರೀಕ್ಷೆಯನ್ನು ಪೂರ್ತಿ ಲಿನಕ್ಸ್ ಮೇಲೆ ತಂದಿತು. 2017ರಲ್ಲಿ ಅದು 'ಕೈಟ್' ಎಂಬ ಸರ್ಕಾರಿ ಕಂಪನಿಯಾಯಿತು. ಪ್ರತಿ ಪ್ರೌಢಶಾಲೆಯಲ್ಲೂ ಒಬ್ಬ ಶಿಕ್ಷಕ ಶಾಲಾ ಐಟಿ ಸಂಯೋಜಕ. ಗಣಿತದವರಾಗಲಿ ಭಾಷೆಯವರಾಗಲಿ, ಲಿನಕ್ಸ್ ಹಾಕುವುದು, ಪ್ರಿಂಟರ್ ಜೋಡಿಸುವುದು, ಪರೀಕ್ಷೆಗೆ ಲ್ಯಾಬ್ ಅಣಿಮಾಡುವುದು ಅವರ ಹೊಣೆ. ಅವರಿಗೆ ಕಲಿಸಲು ಮಾಸ್ಟರ್ ಟ್ರೇನರುಗಳಿದ್ದಾರೆ. ರಾಜ್ಯದ ಶಾಲೆಗಳಿಗೆಲ್ಲ ಒಂದೇ ಲಿನಕ್ಸ್ ಆವೃತ್ತಿ: ಮೊದಲು ಡೆಬಿಯನ್, ಆಮೇಲೆ ಉಬುಂಟು ಆಧರಿಸಿದ್ದು. ಮಂಜೇಶ್ವರದಲ್ಲಿ ಕಂಡ ದೋಷಕ್ಕೆ ತಿರುವನಂತಪುರದಲ್ಲಿ ಪರಿಹಾರ ಸಿಕ್ಕರೆ ಅದು ಎಲ್ಲೆಡೆಗೂ ಹೊಂದುತ್ತದೆ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. 2018ರಿಂದ 'ಲಿಟ್ಲ್ ಕೈಟ್ಸ್' ಕ್ಲಬ್ಬುಗಳ ಮಕ್ಕಳೂ ಲ್ಯಾಬಿನ ಕೆಲಸಕ್ಕೆ ಕೈಹಚ್ಚಿದ್ದಾರೆ. ಕೇರಳದಲ್ಲಿ ತರಬೇತಿ ನೆಲೆಯೂರಲು ಪಠ್ಯಕ್ಕಿಂತ ಹೆಚ್ಚಾಗಿ ಕಾರಣವಾದದ್ದು ಈ ಹೊಣೆಗಾರಿಕೆ ಮತ್ತು ಏಕರೂಪತೆ.

ಈಚಿನ ವರ್ಷಗಳಲ್ಲಿ ಕರ್ನಾಟಕದ ಔಪಚಾರಿಕ ಶಿಕ್ಷಣವೂ ಇತ್ತ ತಿರುಗಿದೆ. ಐಟಿಐಗಳ ಕಂಪ್ಯೂಟರ್ ಆಪರೇಟರ್ ('ಕೋಪಾ') ವೃತ್ತಿಯ ಪಠ್ಯದಲ್ಲಿ ಲಿನಕ್ಸ್ ಕಮಾಂಡುಗಳಿವೆ; ಪಾಲಿಟೆಕ್ನಿಕ್‌ಗಳ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದಲ್ಲಿ ಆಪರೇಟಿಂಗ್ ಸಿಸ್ಟಮ್ ಆಡಳಿತ ಒಂದು ವಿಷಯವಾಗಿದೆ. ಖಾಸಗಿ ತರಬೇತಿ ಸಂಸ್ಥೆಗಳು, ಉಚಿತವೆಂದು ತಾವು ನೆಚ್ಚಿದ್ದ ಸೆಂಟ್‌ಓಎಸ್ 8 ಎಂಬ ಲಿನಕ್ಸ್ ಆವೃತ್ತಿಯ ಬೆಂಬಲ 2021ರ ಕೊನೆಗೆ ನಿಂತಾಗ ಆಲ್ಮಾ, ರಾಕಿ ಲಿನಕ್ಸ್‌ಗಳಿಗೆ ಸರಿದವು. ಹೀಗೆ ಕಲಿತು ಬರುವವರಲ್ಲಿ ಹೆಚ್ಚಿನವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಏಕೆಂದರೆ ಕೆಲಸ ಇರುವುದು ಅಲ್ಲಿ. ಅವರು ಬಿಟ್ಟುಹೋಗುವ ಊರುಗಳ ಕಚೇರಿಗಳಿಗೆ ಒಂದು ಉದಾಹರಣೆ ಪಾವಗಡ ತಾಲ್ಲೂಕಿನ ಹೋಬಳಿ ಕೇಂದ್ರ, ಉತ್ತರ ಪಿನಾಕಿನಿಯ ದಂಡೆಯ ನಾಗಲಮಡಿಕೆ. ಜಿಲ್ಲಾ ಕೇಂದ್ರ ತುಮಕೂರು ಅಲ್ಲಿಂದ ನೂರು ಕಿಲೋಮೀಟರಿಗೂ ದೂರ. ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿಗಳನ್ನು ಗಣಕದಲ್ಲೇ ನಡೆಸುವ ಇಂಥ ಹೋಬಳಿಗಳ ನಾಡಕಚೇರಿಯಲ್ಲಿ ಉಪ ತಹಶೀಲ್ದಾರರಿದ್ದಾರೆ, ಆಪರೇಟರ್ ಇದ್ದಾರೆ. ಯಂತ್ರ ಕೆಟ್ಟಾಗ ಉತ್ತರ ಕೊಡಬೇಕಾದ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎಂಬ ಹುದ್ದೆ ಹೋಬಳಿ ಮಟ್ಟದಲ್ಲಿ ಇಲ್ಲ. ಆ ಹುದ್ದೆಯಾಗಲಿ, ಕಾಸರಗೋಡಿನ ಶಾಲೆಗಳಲ್ಲಿರುವಂತೆ ಇದ್ದ ನೌಕರರಲ್ಲೊಬ್ಬರಿಗೆ ವಹಿಸಿದ ಹೊಣೆಯಾಗಲಿ ಬರುವವರೆಗೆ, ಎಷ್ಟು ತರಬೇತಿ ಕೊಟ್ಟರೂ ಅದರ ಫಲ ಹೋಬಳಿಯ ಕಚೇರಿಗೆ ದಕ್ಕುವುದಿಲ್ಲ.